ಮಲೆನಾಡಿನ ಗೋದಾಮಿನಲ್ಲಿ ಚಿತ್ರೀಕರಣದ ಗ್ರಿಪ್ ಸಾಮಾನು: ಒಣಗಿಸುವ, ಗುರುತಿಸುವ, ಜೋಡಿಸಿಡುವ ಕ್ರಮ

ಚಿತ್ರೀಕರಣದ ಸಾಮಾನು ಇಡುವ ಗೋದಾಮನ್ನು ಜೋಡಿಸುವಾಗ ಹೆಚ್ಚಿನವರು ಬೆಳಗಿನ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಯಾವುದು ಬೇಗ ಕೈಗೆ ಸಿಗಬೇಕು, ಯಾವುದು ಮೊದಲು ವಾಹನ ಹತ್ತಬೇಕು ಎಂಬುದೇ ಅವರ ಲೆಕ್ಕ. ಚಿಕ್ಕಮಗಳೂರಿನಲ್ಲಿ ಗ್ರಿಪ್ ಮತ್ತು ರಿಗ್ಗಿಂಗ್ ಸಾಮಾನನ್ನು, ಅಂದರೆ ಕ್ಯಾಮೆರಾ, ದೀಪ ಮತ್ತು ಬೆಳಕು ಹದಗೊಳಿಸುವ ಬಟ್ಟೆಗಳನ್ನು ನಿಲ್ಲಿಸುವ, ತೂಗುಹಾಕುವ ಸಲಕರಣೆಯನ್ನು, ಬಾಡಿಗೆಗೆ ಕೊಡುತ್ತ ಬಂದಿರುವ ನನ್ನ ಅನುಭವದಲ್ಲಿ ಗೋದಾಮು ಕೆಡುವುದು ರಾತ್ರಿ. ಮುಳ್ಳಯ್ಯನಗಿರಿಯ ಮಂಜಿನಲ್ಲೋ ಕೆಮ್ಮಣ್ಣುಗುಂಡಿಯ ಜಡಿಮಳೆಯಲ್ಲೋ ದಿನವಿಡೀ ದುಡಿದು, ಪ್ಯಾಕಪ್ ಆದ ಮೇಲೆ ತಿರುವಿನ ರಸ್ತೆಯಲ್ಲಿ ಇಳಿದು ಬಂದ ಹುಡುಗರಿಗೆ ಊಟ ಮತ್ತು ನಿದ್ದೆಯ ಹೊರತು ಬೇರೇನೂ ಬೇಕಿರುವುದಿಲ್ಲ. ಆ ಹೊತ್ತಿನಲ್ಲಿ ಕೈಯಲ್ಲಿರುವ ಕ್ಲ್ಯಾಂಪಿನ ಜಾಗ ಯಾವುದೆಂದು ಯೋಚಿಸಬೇಕಾಗಿ ಬಂದರೆ, ಅದು ಹತ್ತಿರ ಕಂಡ ಕ್ರೇಟಿಗೆ ಬೀಳುತ್ತದೆ. "ಅಣ್ಣಾ, ಇದು ಎಲ್ಲಿಗೆ?" ಎಂಬ ಪ್ರಶ್ನೆ ಎಷ್ಟು ಸಲ ಕೇಳಿಬರುತ್ತದೆ ಎನ್ನುವುದರ ಮೇಲೆಯೇ ಗೋದಾಮಿನ ಗುಣವನ್ನು ಅಳೆಯಬಹುದು. ಆದ್ದರಿಂದ ಮುಂದೆ ಹೇಳುವ ಕ್ರಮವೆಲ್ಲವೂ ಸಾಮಾನನ್ನು ವಾಪಸು ತಂದಿಡುವವನ ಕೈಗೆ ಅನುಕೂಲವಾಗುವಂತೆ ರೂಪುಗೊಂಡದ್ದು.

ಬೆಂಗಳೂರಿನಲ್ಲಿ ದೀಪವನ್ನು ಸ್ಟ್ಯಾಂಡಿಗೆ ಕೂರಿಸುವ ಒಂದು ಪಿನ್ನು ಕಡಿಮೆ ಬಿದ್ದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಅಂಗಡಿಯಿಂದ ತರಿಸಬಹುದು. ಇಲ್ಲಿಂದ ಬೆಂಗಳೂರಿಗೆ ಸುಮಾರು 240 ಕಿಲೋಮೀಟರು. ಮೂಡಿಗೆರೆಯಾಚೆ ಚಾರ್ಮಾಡಿ ಘಾಟಿಯ ಬಳಿ ಕ್ಯಾಮೆರಾ ಇಟ್ಟಾಗ 28 ಮಿಲಿಮೀಟರಿನ ಒಂದು ಪಿನ್ನು ಕಾಣೆಯಾಗಿದೆ ಎಂದು ತಿಳಿದರೆ, ಆ ದಿನದ ಆ ಶಾಟು ಹೋದಂತೆಯೇ ಸರಿ.

ಕಟ್ಟಡ

ನಮ್ಮ ಭಾಗದಲ್ಲಿ ಸುಲಭವಾಗಿ ಬಾಡಿಗೆಗೆ ಸಿಗುವುದು ಹಳೆಯ ಕಾಫಿ ಗೋದಾಮು. ದಪ್ಪ ಗೋಡೆ, ಮಂಗಳೂರು ಹೆಂಚಿನ ಮಾಡು, ಎದುರಿಗೆ ಸಿಮೆಂಟಿನ ಕಣ, ಲಾರಿ ಹಿಂದಕ್ಕೆ ಬಂದು ನಿಲ್ಲುವಷ್ಟು ಅಗಲದ ಬಾಗಿಲು, ಇವೆಲ್ಲವೂ ನಮಗೂ ಬೇಕಾದವೇ. ಬಾಡಿಗೆಗೆ ಒಪ್ಪುವ ಮುನ್ನ ಮಟಮಟ ಮಧ್ಯಾಹ್ನದಲ್ಲಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ದೀಪ ಆರಿಸಿ ಮೇಲೆ ನೋಡಬೇಕು. ಹೆಂಚಿನ ಸಂದಿಯಲ್ಲಿ ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆಯೋ ಅಲ್ಲೆಲ್ಲ ಆರಿದ್ರಾ ಮಳೆಗೆ ಸೋರುತ್ತದೆ ಎಂದೇ ತಿಳಿಯಬೇಕು. ಹೆಂಚು ಕೈಯಾಡಿಸುವ ಕೆಲಸವನ್ನು ಮೇ ತಿಂಗಳ ಒಳಗೆ ಮುಗಿಸಿಕೊಳ್ಳದಿದ್ದರೆ ಅದಕ್ಕೆ ಆಳು ಸಿಗುವುದು ಕಷ್ಟ.

ಇದಕ್ಕಿಂತ ಹೆಚ್ಚು ಜನ ಮರೆಯುವ ವಿಷಯವೆಂದರೆ ಗೋದಾಮಿನಲ್ಲಿ ನಮ್ಮ ಪಕ್ಕದಲ್ಲಿ ಏನು ಇದೆ ಎಂಬುದು. ಕಟ್ಟಡದ ಒಂದು ಭಾಗವನ್ನು ತೋಟದ ಮಾಲೀಕರು ತಮ್ಮಲ್ಲೇ ಉಳಿಸಿಕೊಂಡಿದ್ದರೆ ಅಲ್ಲಿ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ಮತ್ತು ಸುಣ್ಣ, ಯೂರಿಯಾ, ಪೊಟ್ಯಾಷ್ ಮೂಟೆಗಳು ಇರುವುದು ಸಹಜ. ಮೈಲುತುತ್ತ ಕರಗಿದ ನೀರು ಅಲ್ಯೂಮಿನಿಯಂ ಪೈಪಿಗೆ ತಾಗಿದರೆ ತಾಮ್ರ ಅದರ ಮೇಲೆ ಕೂತು, ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಸುಣ್ಣದ ಕ್ಷಾರವು ಭಾರ ತೂಗುಹಾಕಲು ಬಳಸುವ ಪಾಲಿಯೆಸ್ಟರ್ ಸ್ಲಿಂಗಿನ ನೂಲನ್ನು ದುರ್ಬಲಗೊಳಿಸುತ್ತದೆ. ನೈಲಾನಿಗೆ ಕ್ಷಾರಕ್ಕಿಂತ ಆಸಿಡ್ಡಿನ ಭಯ ಹೆಚ್ಚು, ಆದ್ದರಿಂದ ಇನ್ವರ್ಟರಿನ ಬ್ಯಾಟರಿಯ ಬಳಿ ನೈಲಾನ್ ಹಗ್ಗ ತೂಗುಹಾಕಬಾರದು. ಈ ಹಾನಿಗಳಲ್ಲಿ ಕೆಲವು ಹೊರಗಿನಿಂದ ಕಾಣುವುದೇ ಇಲ್ಲ. ನಡುವೆ ಒಂದು ಗೋಡೆ ಹಾಕಿಸಿಕೊಡಿ ಎಂದು ಕೇಳಿದರೆ ಮಾಲೀಕರು ಸಾಮಾನ್ಯವಾಗಿ ಒಪ್ಪುತ್ತಾರೆ, ಏಕೆಂದರೆ ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವಂಥದ್ದು. ನಮ್ಮ ಗ್ರೀಸು, ಡೀಸೆಲ್ಲು ಅವರಿಗೂ ಬೇಡವಾದ ನೆರೆಯೇ.

ನೆಲದಿಂದ ಅರ್ಧ ಅಡಿ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಯಾವ ಸಾಮಾನನ್ನಾದರೂ ಇಡಬೇಕು. ಗೋಡೆಗೆ ಒತ್ತಿ ಇಟ್ಟ ರ‍್ಯಾಕಿನ ಹಿಂಭಾಗದಲ್ಲಿ ಗಾಳಿ ಆಡುವುದಿಲ್ಲ, ಗೆದ್ದಲಿನ ಸಾಲು ಏರಿದರೂ ಕಣ್ಣಿಗೆ ಬೀಳುವುದಿಲ್ಲ. ರ‍್ಯಾಕಿಗೆ ಸಿಲ್ವರ್ ಓಕ್ ಹಲಗೆ ಇಲ್ಲಿ ಅಗ್ಗವಾಗಿ ಸಿಗುತ್ತದೆಯಾದರೂ ಚೌಕಟ್ಟು ಸ್ಲಾಟೆಡ್ ಆಂಗಲ್ಲಿನದೇ ಇರಲಿ. ಹಲಗೆಯನ್ನು ಅದರ ಮೇಲೆ ಹಾಸಿಕೊಂಡರೆ ಕೆಟ್ಟಾಗ ಬದಲಿಸುವುದು ಸುಲಭ.

ತೇವದ ವಿಷಯದಲ್ಲಿ ಒಂದು ಮಾತು. ಗಾಳಿಯ ತೇವಾಂಶ ಶೇಕಡ 65ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬಟ್ಟೆ, ಹತ್ತಿ ಹಗ್ಗ, ಚರ್ಮ, ಪ್ಲೈವುಡ್ಡು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ಅದಕ್ಕಿಂತ ಕಡಿಮೆ ಇರುವ ದಿನಗಳೇ ಅಪರೂಪ, ಕಿಟಕಿ ತೆರೆದರೆ ತೇವ ಹೊರಹೋಗುವ ಬದಲು ಒಳಗೇ ಬರುತ್ತದೆ. ಇಡೀ ಗೋದಾಮನ್ನು ಒಣಗಿಸಲು ಹೊರಡುವುದು ದುಡ್ಡು ಸುಡುವ ಕೆಲಸ. ಅದರ ಬದಲು ಒಳಗಡೆ ಹತ್ತಡಿ ಚೌಕದ ಒಂದು ಪ್ಲೈವುಡ್ ಕೋಣೆ ಕಟ್ಟಿಸಿ, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಒಂದು ಡಿಹ್ಯುಮಿಡಿಫೈಯರನ್ನೂ ತೇವಾಂಶ ತೋರಿಸುವ ಚಿಕ್ಕ ಮೀಟರನ್ನೂ ಅಲ್ಲಿಟ್ಟು, ಬಟ್ಟೆ, ಹಗ್ಗ, ಸ್ಲಿಂಗುಗಳನ್ನು ಮಾತ್ರ ಅದರಲ್ಲಿ ಇಡಬೇಕು. ಕಬ್ಬಿಣ, ಅಲ್ಯೂಮಿನಿಯಂಗಳನ್ನು ಒರೆಸಿಟ್ಟರೆ ಹೊರಗಿನ ಗಾಳಿ ಸಾಕು.

ಒದ್ದೆ ಅಂಕಣ

ಬಾಗಿಲಿನ ಒಳಗೆ ಮೊದಲ ಅಂಕಣ ಖಾಲಿ ಇರಬೇಕು. ಹೊಸದಾಗಿ ಗೋದಾಮು ಮಾಡುವವರಿಗೆ ಇದು ಜಾಗ ವ್ಯರ್ಥವೆನಿಸುತ್ತದೆ, ಆದರೆ ಉಳಿದೆಲ್ಲ ಜೋಡಣೆಯೂ ನಿಂತಿರುವುದು ಈ ಖಾಲಿ ಜಾಗದ ಮೇಲೆಯೇ. ಒದ್ದೆಯಾದದ್ದು, ಕೆಸರಾದದ್ದು, ತಪಾಸಣೆ ಆಗದ್ದು ಯಾವುದೂ ಈ ಅಂಕಣವನ್ನು ದಾಟಿ ರ‍್ಯಾಕಿಗೆ ಹೋಗಕೂಡದು. ರಾತ್ರಿ ಬಂದ ಹುಡುಗರಿಂದ ನಾನು ಕೇಳುವುದು ಎರಡೇ ಕೆಲಸ: ಸಾಮಾನನ್ನೆಲ್ಲ ಇಲ್ಲಿ ಇಳಿಸುವುದು, ಬಟ್ಟೆ ಮತ್ತು ಹಗ್ಗವನ್ನು ಬಿಡಿಸಿ ತೂಗುಹಾಕುವುದು. ಮಿಕ್ಕದ್ದು ಬೆಳಗ್ಗೆ.

ಅಂಕಣದ ನೆಲ ಬಾಗಿಲ ಕಡೆಗೆ ತುಸು ಇಳಿಜಾರಾಗಿರಲಿ. ಏಳಡಿ ಎತ್ತರದಲ್ಲಿ ಎರಡು ಪೈಪುಗಳನ್ನು ಅಡ್ಡ ಕಟ್ಟಿದರೆ 12 ಅಡಿ ಚೌಕದ ಬಟ್ಟೆಯನ್ನು ಅರ್ಧಕ್ಕೆ ಮಡಚಿ ಹರವಬಹುದು. ಕೆಳಗೆ ಒಂದು ದೊಡ್ಡ ಫ್ಯಾನು, ಮೂಲೆಯಲ್ಲಿ ನಲ್ಲಿ, ತೆಂಗಿನ ನಾರಿನ ಬ್ರಷ್ಷು, ಹಳೆಯ ಹತ್ತಿ ಪಂಚೆಯ ತುಂಡುಗಳು ಇಷ್ಟಿದ್ದರೆ ಸಾಕು. ಕಾಫಿ ತೋಟದ ಕೆಂಪು ಮಣ್ಣು ಒಣಗಿದ ಮೇಲೆ ಗಟ್ಟಿಯಾಗಿ ಸ್ಕ್ರೂವಿನ ಮರೆಯಲ್ಲಿ (ಸುತ್ತುಗೆರೆಗಳ ಸಂದಿಯಲ್ಲಿ) ಕೂರುವುದರಿಂದ, ಕ್ಲ್ಯಾಂಪುಗಳನ್ನು ಅದೇ ರಾತ್ರಿ ನೀರಿನ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಮರುದಿನದ ಅರ್ಧ ಕೆಲಸ ತಪ್ಪುತ್ತದೆ. ಬಟ್ಟೆಯನ್ನು ಬಿಡಿಸುವಾಗ ಇಂಬಳ ಹೊರಬರುವುದೂ ಉಂಟು. ಕಾಲಿನ ಬಳಿ ಸ್ವಲ್ಪ ಗಮನವಿರಲಿ.

ಈ ನಿಯಮವನ್ನು ನಾನು ಕಲಿತದ್ದು ನಷ್ಟದಿಂದ. ಒಂದು ಆಶ್ಲೇಷಾ ಮಳೆಯ ವಾರದಲ್ಲಿ ಬಾಬಾಬುಡನ್‌ಗಿರಿಯಿಂದ ಮರಳಿದ, ಬೆಳಕನ್ನು ಮೃದುವಾಗಿಸುವ ಬಿಳಿ ಸ್ಕಿಮ್ಮರ್ ಬಟ್ಟೆಯೊಂದನ್ನು, ಮುಟ್ಟಿದರೆ ಒಣಗಿದಂತೆಯೇ ಇದೆ ಎಂದು ಸುತ್ತಿ ಚೀಲದಲ್ಲಿಟ್ಟಿದ್ದೆ. ಹನ್ನೆರಡು ದಿನಗಳ ನಂತರ ತೆಗೆದಾಗ ಬಟ್ಟೆಯ ನಡುಭಾಗವೆಲ್ಲ ಚೆನ್ನಾಗಿಯೇ ಇತ್ತು. ಕಟ್ಟುವ ದಾರಗಳನ್ನು ಹೊಲಿದ ಅಂಚಿನಲ್ಲಿ ಮಾತ್ರ, ನಾಲ್ಕು ಪದರ ಸೇರುವಲ್ಲಿ, ಸಾಸಿವೆ ಎರಚಿದಂತೆ ಕಪ್ಪು ಚುಕ್ಕೆಗಳು ಎದ್ದು, ಸುತ್ತಿದಷ್ಟು ಸುರುಳಿಗೂ ಒಂದೊಂದು ಅಚ್ಚು ಮೂಡಿತ್ತು. ಬ್ಲೀಚು ಹಾಕಿದರೆ ಬಟ್ಟೆ ಹಳದಿ ತಿರುಗಿ ಬೆಳಕಿನ ಬಣ್ಣವೇ ಬದಲಾಗುತ್ತದೆಯಾದ್ದರಿಂದ ಅದನ್ನು ಕೊನೆಗೆ ಟಾರ್ಪಾಲಿನ ಹಾಗೆ ಸಾಮಾನು ಮುಚ್ಚಲು ಬಳಸಬೇಕಾಯಿತು. ಬಟ್ಟೆ ಒಣಗಿದೆಯೇ ಎಂದು ನಡುವಿನಲ್ಲಿ ಮುಟ್ಟಿ ನೋಡಬಾರದು, ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಒತ್ತಿ ನೋಡಬೇಕು. ಈಗ ಪ್ರತಿ ಚೀಲದ ಬಾಯಿಗೂ ಒಂದು ಚೀಟಿ ಕಟ್ಟಿ ಒಣಗಿಸಿದ ದಿನಾಂಕ ಬರೆಯುತ್ತೇವೆ. ಚೀಟಿ ಇಲ್ಲದ ಚೀಲವನ್ನು ಒದ್ದೆ ಎಂದೇ ಭಾವಿಸುತ್ತೇವೆ.

ಸ್ಟ್ಯಾಂಡು, ಪೆಟ್ಟಿಗೆ, ಮರಳು ಚೀಲ

ದೀಪ, ಬಟ್ಟೆಗಳನ್ನು ಹಿಡಿದು ನಿಲ್ಲುವ ಸಿ-ಸ್ಟ್ಯಾಂಡಿನ ಮೂರು ಕಾಲುಗಳೂ ಬೇರೆ ಬೇರೆ ಎತ್ತರದಲ್ಲಿರುವುದರಿಂದ ಮಡಿಸಿದಾಗ ಒಂದರ ಪಕ್ಕದಲ್ಲಿ ಇನ್ನೊಂದು ಒತ್ತಾಗಿ ನಿಲ್ಲುತ್ತದೆ. ಗೋಡೆಗೆ ಸಮಾನಾಂತರವಾಗಿ ಸೊಂಟದ ಎತ್ತರದಲ್ಲಿ ಒಂದು ಕಂಬಿ ಹಾಕಿಸಿ, ಹತ್ತು ಸ್ಟ್ಯಾಂಡಿಗೊಂದು ಅಡ್ಡಪಟ್ಟಿ ಇಡಿಸಿದರೆ, ಎಣಿಸುವ ಅಗತ್ಯವೇ ಬರುವುದಿಲ್ಲ. ಪಟ್ಟಿಯ ನಡುವೆ ಬೆಳಕು ಕಂಡರೆ ಒಂದು ಕಡಿಮೆ. ಹತ್ತರ ಈ ಲೆಕ್ಕವನ್ನು ಸಾಧ್ಯವಾದಲ್ಲೆಲ್ಲ ಬಳಸಬೇಕು, ಏಕೆಂದರೆ ನಿದ್ದೆಗಣ್ಣಿನಲ್ಲಿ ಮೂವತ್ತೇಳರವರೆಗೆ ಎಣಿಸುವವನು ತಪ್ಪಿಯೇ ತಪ್ಪುತ್ತಾನೆ.

ಸ್ಟ್ಯಾಂಡಿನ ತುದಿಯಲ್ಲಿ ಬಿಗಿಯುವ ಗ್ರಿಪ್ ಹೆಡ್ಡು ಮತ್ತು ಅದು ಹಿಡಿದುಕೊಳ್ಳುವ ತೋಳನ್ನು ಸ್ಟ್ಯಾಂಡಿನಲ್ಲೇ ಬಿಡಬೇಕೋ ಬಿಚ್ಚಿ ಬೇರೆ ಇಡಬೇಕೋ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ತೋಳನ್ನು ಕಂಬಕ್ಕೆ ಒರಗಿಸಿ ಸ್ಟ್ಯಾಂಡಿನಲ್ಲೇ ಬಿಡುವ ಪಕ್ಷ ನನ್ನದು. ಬೇರೆ ಇಟ್ಟಾಗ ಮೂವತ್ತು ಸ್ಟ್ಯಾಂಡಿಗೆ ಇಪ್ಪತ್ತೆಂಟು ತೋಳು ಆಗುವುದನ್ನು ಕಂಡಿದ್ದೇನೆ. ಹೆಡ್ಡಿನ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಿಡಬಾರದು, ತೋಳು ಜಾರದಷ್ಟು ಮಾತ್ರ ಹಿಡಿದಿದ್ದರೆ ಸಾಕು. ಹೆಡ್ಡಿನ ಒಳಗಿನ ಉಜ್ಜುವ ಬಿಲ್ಲೆಗಳಿಗೆ ಎಣ್ಣೆ ಹಾಕುವ ಉತ್ಸಾಹ ಹೊಸ ಹುಡುಗರಿಗೆ ಇರುತ್ತದೆ. ಆ ಹೆಡ್ಡು ಹಿಡಿದು ನಿಲ್ಲುವುದೇ ಘರ್ಷಣೆಯಿಂದ, ಎಣ್ಣೆ ಬಿದ್ದರೆ ತಲೆಯ ಮೇಲಿನ ಕಟ್ಟರ್ (ಬೆಳಕು ತಡೆಯುವ ಕಪ್ಪು ಬಟ್ಟೆಯ ಚೌಕಟ್ಟು) ನಿಧಾನವಾಗಿ ಕೆಳಗೆ ಬಾಗುತ್ತದೆ. ಎಣ್ಣೆ ತಾಗಿದ ಹೆಡ್ಡನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದ ಹೊರತು ರ‍್ಯಾಕಿಗೆ ಸೇರಿಸಬಾರದು.

ಏನನ್ನಾದರೂ ಎತ್ತರಿಸಲು ಕೆಳಗಿಡುವ ಮರದ ಪೆಟ್ಟಿಗೆಗಳಾದ ಆ್ಯಪಲ್ ಬಾಕ್ಸುಗಳ ಅಳತೆ ಸಾಮಾನ್ಯವಾಗಿ ಒಂದೇ: 20 ಇಂಚು ಉದ್ದ, 12 ಇಂಚು ಅಗಲ, ಎತ್ತರ ಮಾತ್ರ 8, 4, 2, 1 ಇಂಚು. ಇವುಗಳನ್ನು ಇಲ್ಲಿನ ಬಡಗಿಯಿಂದಲೇ ಮಾಡಿಸಬಹುದು, ಆದರೆ ಅಳತೆಯಲ್ಲಿ ಕಾಲಿಂಚೂ ಬಿಟ್ಟುಕೊಡಬಾರದು. ಬೇರೆಯವರ ಪೆಟ್ಟಿಗೆಯ ಜೊತೆ ಸೇರಿಸಿ ಕ್ಯಾಮೆರಾ ಟ್ರಾಲಿ ಓಡುವ ಟ್ರ್ಯಾಕಿನ ಕೆಳಗೆ ಇಟ್ಟಾಗ ಆ ಕಾಲಿಂಚು ಕುಲುಕುತ್ತದೆ. ಹಲಗೆಯ ಮೇಲೆ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಎಂದು ಪೇರಿಸಿ, ಹಿಡಿಯ ತೂತು ಹೊರಮುಖವಾಗಿರುವಂತೆ ಇಟ್ಟರೆ ಸಾಕು.

ಸ್ಟ್ಯಾಂಡು ಬೀಳದಂತೆ ಕಾಲಿನ ಮೇಲಿಡುವ ಮರಳು ಚೀಲಕ್ಕೆ ತೊಳೆದು ಬಿಸಿಲಲ್ಲಿ ಒಣಗಿಸಿದ ಮರಳನ್ನೇ ತುಂಬಬೇಕು. ಸಮುದ್ರದ ಮರಳಿನ ಉಪ್ಪು ತೇವವನ್ನು ಎಳೆದುಕೊಂಡು ಜಿಪ್ಪನ್ನೂ ಪಕ್ಕದ ಕಬ್ಬಿಣವನ್ನೂ ತಿನ್ನುತ್ತದೆ. ಮರಳನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಮೇಲೆ ಕ್ಯಾನ್ವಾಸಿಗೆ ಇಳಿಸಿದರೆ ಹೊಲಿಗೆ ಬಿಟ್ಟರೂ ಸೆಟ್ಟಿನಲ್ಲಿ ಚೆಲ್ಲುವುದಿಲ್ಲ. ತೂಕವನ್ನು ಚೀಲದ ಎರಡೂ ಮುಖಗಳಲ್ಲಿ ದೊಡ್ಡದಾಗಿ ಬರೆಯಬೇಕು, ಮತ್ತು ಇವು ಯಾವಾಗಲೂ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ, ಮೊಣಕಾಲಿನ ಎತ್ತರವನ್ನು ಮೀರದಂತೆ ಇರಬೇಕು. ಭುಜದ ಎತ್ತರದ ರ‍್ಯಾಕಿನಿಂದ 11 ಕಿಲೋ ಚೀಲವನ್ನು ಎಳೆಯುವವನ ಬೆನ್ನು ಒಂದು ಹಂಗಾಮು ಸಹ ತಾಳುವುದಿಲ್ಲ.

ಕಟ್ಟರ್, ನೆಟ್ಟುಗಳಿಗೆ (ಬೆಳಕು ತಗ್ಗಿಸುವ ಜಾಲರಿಗಳಿಗೆ) ಮಲಗಿಸುವ ಶೆಲ್ಫು ಬೇಡ. ತಟ್ಟೆಗಳನ್ನು ನಿಲ್ಲಿಸುವ ಸ್ಟ್ಯಾಂಡಿನಂತೆ ಪಟ್ಟಿಗಳ ನಡುವೆ ನೆಟ್ಟಗೆ ನಿಲ್ಲಿಸುವ ಪೆಟ್ಟಿಗೆ ಮಾಡಿಸಿ, ಪ್ರತಿ ಅಳತೆಗೂ ಒಂದು ಖಾನೆ ಕೊಟ್ಟರೆ ತಂತಿಯ ಚೌಕಟ್ಟು ಬಾಗುವುದಿಲ್ಲ, ಕಪ್ಪು ಬಟ್ಟೆಗೆ ತೂತೂ ಬೀಳುವುದಿಲ್ಲ.

ಪೈಪು ಮತ್ತು ಟ್ರ್ಯಾಕು

ಗ್ರಿಪ್ ಪೈಪಿನಲ್ಲಿ ಎರಡು ಗಾತ್ರಗಳು ಹೆಚ್ಚು ಓಡುತ್ತವೆ. ಒಂದೂಕಾಲು ಇಂಚಿನದೆಂದು ಕರೆಯುವ ಪೈಪಿನ ಹೊರವ್ಯಾಸ 42.2 ಮಿಲಿಮೀಟರು, ಒಂದೂವರೆ ಇಂಚಿನದು 48.3 ಮಿಲಿಮೀಟರು. ಎರಡನೆಯದು ಕಟ್ಟಡದ ಸ್ಕ್ಯಾಫೋಲ್ಡಿಂಗ್ ಪೈಪಿನ ಅಳತೆಯೇ ಆದ್ದರಿಂದ ಅಗತ್ಯ ಬಿದ್ದಾಗ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸೆಂಟ್ರಿಂಗ್ ಸಾಮಾನಿನವರಿಂದ ಪೈಪು ತಂದು ಕೆಲಸ ಸಾಗಿಸಬಹುದು. ಅಪಾಯ ಇರುವುದು ಪೈಪುಗಳನ್ನು ಒಂದಕ್ಕೊಂದು ಬಿಗಿಯುವ ಕಪ್ಲರಿನಲ್ಲಿ: ದೊಡ್ಡ ಕಪ್ಲರನ್ನು ಚಿಕ್ಕ ಪೈಪಿಗೆ ಹಾಕಿ ಬೋಲ್ಟು ತಿರುಗಿಸುತ್ತ ಹೋದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಹಿಡಿತ ಎರಡು ಗೆರೆಗಳ ಮೇಲಷ್ಟೇ ನಿಂತಿರುತ್ತದೆ. ಹಾಗಾಗಿ ಎರಡು ಗಾತ್ರದ ಪೈಪುಗಳನ್ನು ಗೋದಾಮಿನ ಎರಡು ಬೇರೆ ಗೋಡೆಗಳಲ್ಲಿ ಇಡುವುದು ಒಳ್ಳೆಯದು. ಅವುಗಳ ಕಪ್ಲರುಗಳು ಆಯಾ ಪೈಪಿನ ಕೆಳಗಿನ ಕ್ರೇಟಿನಲ್ಲೇ ಇರಲಿ, ಪೈಪಿನ ತುದಿ, ಕಪ್ಲರು, ಕ್ರೇಟು ಮೂರಕ್ಕೂ ಒಂದೇ ಬಣ್ಣವಿರಲಿ. ಉದ್ದವನ್ನು ತುದಿಯ ಬಳಿ ಅಡಿಯಲ್ಲಿ ಬರೆದಿಟ್ಟರೆ ಪೈಪನ್ನು ಹೊರಗೆಳೆದು ಅಳೆಯುವ ಕೆಲಸ ತಪ್ಪುತ್ತದೆ. ಒದ್ದೆಯಾದ ಅಲ್ಯೂಮಿನಿಯಂ ಪೈಪನ್ನು ಬರಿಯ ಕಬ್ಬಿಣದ ಬ್ರ್ಯಾಕೆಟ್ಟಿನ ಮೇಲೆ ಇಡಬಾರದು. ಎರಡು ಲೋಹಗಳ ನಡುವೆ ನೀರಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಬ್ರ್ಯಾಕೆಟ್ಟಿಗೆ ಸುತ್ತಿದರೆ ಆ ಸಮಸ್ಯೆ ಇಲ್ಲ.

ಟ್ರಾಲಿಯ ಟ್ರ್ಯಾಕನ್ನು ಗೋಡೆಗೆ ಓರೆಯಾಗಿ ಒರಗಿಸಿ ತಿಂಗಳುಗಟ್ಟಲೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ಅದರ ತೂಕಕ್ಕೆ ಅದೇ ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣದೆ ಕ್ಯಾಮೆರಾದಲ್ಲಿ ಕಾಣುತ್ತದೆ. ಮೂರು ಕಡೆ ಆಧಾರ ಕೊಟ್ಟು ಮಲಗಿಸಿ, ಜೋಡಣೆಯ ತುದಿಗಳಿಗೆ ರಬ್ಬರಿನ ಟೋಪಿ ಹಾಕಬೇಕು. ಕಿರುಗುಟ್ಟದಿರಲೆಂದು ಸೆಟ್ಟಿನಲ್ಲಿ ಹಾಕುವ ಟಾಲ್ಕಂ ಪೌಡರು ಮಳೆ ನೀರಿನೊಂದಿಗೆ ಸೇರಿ ಅಂಟಿನಂತಾಗಿರುತ್ತದೆ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಟ್ರಾಲಿಯನ್ನು ಅದರ ಮೆತ್ತನೆಯ ಚಕ್ರಗಳ ಮೇಲೆ ನಿಲ್ಲಿಸಿಡಬಾರದು. ನಾಲ್ಕು ಆ್ಯಪಲ್ ಬಾಕ್ಸಿನ ಮೇಲೆ ಕೂರಿಸಿದರೆ ಚಕ್ರಕ್ಕೆ ಚಪ್ಪಟೆ ಗುರುತು ಬೀಳುವುದಿಲ್ಲ.

ತಲೆಯ ಮೇಲೆ ಹೋಗುವ ಸಾಮಾನು

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಾದರೆ ಹೋಗುವುದು ದುಡ್ಡು. ಶಾಕಲ್ (ಬಿಲ್ಲಿನಂತೆ ಬಾಗಿದ ಲೋಹದ ಬಾಯಿಯನ್ನು ಪಿನ್ನಿನಿಂದ ಮುಚ್ಚುವ ಕೊಂಡಿ), ಸ್ಲಿಂಗು, ವೈರ್ ರೋಪು, ಚೈನ್ ಬ್ಲಾಕು (ಭಾರ ಎತ್ತುವ ಸರಪಳಿ ರಾಟೆ), ಸೇಫ್ಟಿ ವೈರುಗಳಲ್ಲಿ ತಪ್ಪಾದರೆ ಹೋಗುವುದು ಬೇರೆ. ಆದ್ದರಿಂದ ಇವುಗಳಿಗೆ ಪ್ರತ್ಯೇಕ ಗೋಡೆ, ಅದರ ಮುಂದೆ ಒಂದು ಮೇಜು, ಮೇಜಿನ ಮೇಲೆ ನೇರ ಬೆಳಕು ಬೀಳುವ ದೀಪ ಇರಬೇಕು, ಮತ್ತು ಈ ಮೇಜನ್ನು ದಾಟದೆ ಯಾವ ಸ್ಲಿಂಗೂ ಗೋಡೆಗೆ ಹೋಗಬಾರದು.

ಶಾಕಲ್ಲಿನ ವಿಷಯದಲ್ಲಿ ನಾನೇ ಮಾಡಿದ ಮೂರ್ಖತನವೊಂದಿದೆ. ಚೊಕ್ಕವಾಗಿ ಕಾಣಲೆಂದು ಬಿಲ್ಲುಗಳನ್ನೆಲ್ಲ ಒಂದು ಕ್ರೇಟಿಗೆ, ಪಿನ್ನುಗಳನ್ನೆಲ್ಲ ಇನ್ನೊಂದಕ್ಕೆ ಹಾಕಿ ಇಟ್ಟಿದ್ದೆ. ಸಕಲೇಶಪುರದ ಕಡೆಯ ಕೆಲಸವೊಂದು ಮುಗಿದು ಸಾಮಾನು ಮರಳಿದಾಗ, ಮೇಜಿನ ಮೇಲೆ ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ ನಮ್ಮ ಹುಡುಗ ಒಂದನ್ನು ಎತ್ತಿ ಹಿಡಿದು, "ಅಣ್ಣಾ, ಇದರ ಪಿನ್ನು ಬೇರೆ ಥರ ಇದೆಯಲ್ಲ" ಎಂದ. ಅದು ಪಿನ್ನಾಗಿರಲಿಲ್ಲ, ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಬೋಲ್ಟು. ದಪ್ಪ ಹೆಚ್ಚುಕಡಿಮೆ ಅದೇ ಇತ್ತು, ಮರೆಯೂ ಕೂತಿತ್ತು, ಅದರ ನಡುಭಾಗ ಮಾತ್ರ ಬಾಳೆಕಾಯಿಯಂತೆ ಸಣ್ಣಗೆ ಬಗ್ಗಿತ್ತು. ಪಿನ್ನು ಸಿಗದೆ ಸೆಟ್ಟಿನಲ್ಲಿ ಯಾರೋ ಹಾಗೆ ಮಾಡಿದ್ದರು, ಆದರೆ ಪಿನ್ನನ್ನು ಬಿಲ್ಲಿನಿಂದ ಬೇರ್ಪಡಿಸಿದವನು ನಾನು. ಅಂದಿನಿಂದ ಪ್ರತಿ ಶಾಕಲ್ಲೂ ತನ್ನ ಪಿನ್ನನ್ನು ಪೂರ್ತಿ ತಿರುಗಿಸಿಕೊಂಡೇ ಗೋಡೆಯ ಮೇಲಿರುತ್ತದೆ, ಪಿನ್ನು ಕಳೆದ ಬಿಲ್ಲು ಅಂದೇ ಗುಜರಿಗೆ ಹೋಗುತ್ತದೆ.

ಪ್ರತಿ ಶಾಕಲ್ಲಿನ ಮೇಲೂ ಅದು ತಾಳುವ ಕೆಲಸದ ಭಾರವನ್ನು ಟನ್ನುಗಳಲ್ಲಿ ಅಚ್ಚೊತ್ತಿರುತ್ತಾರೆ. ಅಚ್ಚು ಇಲ್ಲದ ಶಾಕಲ್ಲನ್ನು ಟ್ರ್ಯಾಕ್ಟರಿಗೋ ಟಾರ್ಪಾಲಿಗೋ ಬಳಸಿಕೊಳ್ಳಲಿ, ಈ ಗೋಡೆಗೆ ಅದು ಬೇಡ. ನಮ್ಮ ಗುರುತಿನ ನಂಬರನ್ನು ಭಾರ ಹೊರುವ ಲೋಹದ ಮೇಲೆ ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಕೂಡದು, ಬಣ್ಣದ ಗೆರೆಯೇ ಸಾಕು.

ರೌಂಡ್ ಸ್ಲಿಂಗುಗಳ ಬಣ್ಣಕ್ಕೆ ಯುರೋಪಿನ ಮಾನದಂಡದಂತೆ ಅರ್ಥವಿದೆ: ನೇರಳೆ 1 ಟನ್, ಹಸಿರು 2, ಹಳದಿ 3. ಆದ ಕಾರಣ ಮಾಲೀಕತ್ವದ ಗುರುತಿಗೆ ಸುತ್ತುವ ಟೇಪು ಈ ಮೂರು ಬಣ್ಣಗಳಲ್ಲಿ ಇರಕೂಡದು. ನೇರಳೆ ಸ್ಲಿಂಗಿಗೆ ಹಳದಿ ಟೇಪು ಸುತ್ತಿದರೆ ಕತ್ತಲಲ್ಲಿ ನೋಡುವವನಿಗೆ ಏನು ತೋರುತ್ತದೆಂದು ಊಹಿಸಿಕೊಳ್ಳಬಹುದು. ಬಣ್ಣ ಬಿಸಿಲಿಗೆ ಮಾಸುವುದರಿಂದ ಕೊನೆಯ ಮಾತು ಲೇಬಲ್ಲಿನದೇ. ಲೇಬಲ್ ಹರಿದುಹೋದ ಸ್ಲಿಂಗು, ಹೊರಕವಚ ಕತ್ತರಿಸಿ ಒಳಗಿನ ನೂಲು ಕಾಣುವ ಸ್ಲಿಂಗು, ಬಿಸಿ ತಾಗಿ ಗಟ್ಟಿಯಾಗಿ ಹೊಳೆಯುವ ಸ್ಲಿಂಗು ಇವು ಮೂರೂ ವಾಪಸು ಗೋಡೆಗೆ ಹೋಗಬಾರದು. ಕೆಟ್ಟ ಸ್ಲಿಂಗನ್ನು ಹಾಗೆಯೇ ಬಿಸಾಡಿದರೆ ಇನ್ನಾರೋ ಎತ್ತಿಕೊಂಡು ಹೋಗಿ ಮರ ಎಳೆಯಲು ಕಟ್ಟುತ್ತಾರೆ, ಆದ್ದರಿಂದ ಮೊದಲು ಅದನ್ನು ಮೊಳದುದ್ದದ ತುಂಡುಗಳಾಗಿ ಕತ್ತರಿಸಬೇಕು.

ಸ್ಲಿಂಗು, ಹಗ್ಗ, ವೈರ್ ರೋಪುಗಳನ್ನು ಮೊಳೆಗೆ ತೂಗುಹಾಕುವ ಅಭ್ಯಾಸ ಬಿಡಬೇಕು. ಮೊಳೆಯ ಮೇಲೆ ವೈರ್ ರೋಪು ಮಡಿಕೆ ಬಿದ್ದರೆ ಆ ಮಡಿಕೆ ಮತ್ತೆ ನೆಟ್ಟಗಾಗುವುದಿಲ್ಲ. 110 ಮಿಲಿಮೀಟರಿನ ಪಿವಿಸಿ ಪೈಪನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಹಲಗೆಗೆ ಅಡ್ಡಲಾಗಿ ಬಿಗಿದರೆ ಅಗ್ಗದ, ದುಂಡನೆಯ ಗೂಟಗಳಾಗುತ್ತವೆ. ವೈರ್ ರೋಪನ್ನು ತಪಾಸಣೆ ಮಾಡುವಾಗ ಕೈಯಲ್ಲಿ ಒಂದು ಹತ್ತಿ ಬಟ್ಟೆ ಹಿಡಿದು ಅದರೊಳಗಿಂದ ರೋಪನ್ನು ನಿಧಾನವಾಗಿ ಎಳೆಯಬೇಕು. ಕಣ್ಣಿಗೆ ಕಾಣದ ತುಂಡಾದ ಎಳೆ ಬಟ್ಟೆಗೆ ಗೀರಿ ನಿಲ್ಲುತ್ತದೆ. ಬರಿಗೈಯಲ್ಲಿ ಎಳೆದರೆ ಅದೇ ಎಳೆ ಅಂಗೈಗೆ ಇಳಿಯುತ್ತದೆ. ತಪಾಸಣೆ ಮುಗಿದ ಮೇಲೆ ತೆಳ್ಳನೆಯ ಎಣ್ಣೆ ಸವರಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮಳೆಗಾಲ ಕಳೆಯುತ್ತದೆ. ಚೈನ್ ಬ್ಲಾಕನ್ನು ಕೊಂಡಿಯಿಂದ ತೂಗುಹಾಕಿ ಚೈನನ್ನು ಬಕೆಟ್ಟಿಗೆ ಇಳಿಬಿಡಬೇಕು, ಕೊಂಡಿಯ ನಾಲಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂದು ಬೆರಳಲ್ಲಿ ಒತ್ತಿ ನೋಡಬೇಕು.

ಸ್ಲಿಂಗಿನ ಗೋಡೆಯ ಮೇಲೆ ಒಂದು ರಟ್ಟಿನಲ್ಲಿ ಕೋನದ ಲೆಕ್ಕ ಬರೆದು ಅಂಟಿಸುವುದು ಒಳ್ಳೆಯದು. ಎರಡು ಕಾಲಿನ ಸ್ಲಿಂಗಿನಲ್ಲಿ 100 ಕಿಲೋ ತೂಗಿಸಿದಾಗ, ಕಾಲುಗಳು ನೆಲಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 58 ಕಿಲೋ ಬೀಳುತ್ತದೆ, 45 ಡಿಗ್ರಿಗೆ 71 ಆಗುತ್ತದೆ, 30 ಡಿಗ್ರಿಗೆ ಇಳಿದರೆ ಪೂರ್ತಿ 100. ಸ್ಲಿಂಗನ್ನು ಆರಿಸುವವನು ಅದನ್ನು ಗೂಟದಿಂದ ತೆಗೆಯುವ ಕ್ಷಣದಲ್ಲೇ ಈ ಅಂಕಿ ಕಣ್ಣಿಗೆ ಬೀಳಬೇಕು, ಸೆಟ್ಟಿನಲ್ಲಿ ಅದನ್ನು ಯೋಚಿಸಲು ಯಾರೂ ಸಮಯ ಕೊಡುವುದಿಲ್ಲ.

ಮನುಷ್ಯರು ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟು, ಅದರ ಹಗ್ಗ, ಅದರ ಕೊಂಡಿಗಳನ್ನು ಈ ಗೋಡೆಯಲ್ಲಿ ಇಡಲೇಬಾರದು. ಅವುಗಳಿಗೆ ಬೀಗ ಹಾಕುವ ಪ್ರತ್ಯೇಕ ಬೀರು ಇರಬೇಕು. ಲೈಟು ಎತ್ತಲು ಒಮ್ಮೆ ಬಳಸಿದ ಹಗ್ಗ ಮರಳಿ ಆ ಬೀರುವಿಗೆ ಹೋಗಕೂಡದು.

ಸಣ್ಣ ಸಾಮಾನು ಮತ್ತು ಪುಸ್ತಕ

ಕಳೆದುಹೋಗುವುದು ಯಾವಾಗಲೂ ಸಣ್ಣದೇ. 16 ಮತ್ತು 28 ಮಿಲಿಮೀಟರಿನ ಪಿನ್ನುಗಳು, ಕಾಲಿಂಚು ಮತ್ತು ಮೂರೆಂಟಂಶ (3/8) ಇಂಚಿನ ಕ್ಯಾಮೆರಾ ಸ್ಕ್ರೂಗಳು, ಅಲೆನ್ ಕೀಗಳು ಇವುಗಳಿಗೆ ಹಲಗೆಯಲ್ಲಿ ಹತ್ತು ತೂತುಗಳ ಪಟ್ಟಿ ಕೊರೆಸಿ, ಖಾಲಿ ತೂತು ಎದ್ದು ಕಾಣುವಂತೆ ಒಳಗೆ ಕೆಂಪು ಬಣ್ಣ ಹಚ್ಚಿಸಬೇಕು. ಕ್ಲ್ಯಾಂಪುಗಳಿಗೆ ಟೊಮೆಟೊ ಕ್ರೇಟುಗಳು ಚೆನ್ನಾಗಿ ಒದಗುತ್ತವೆ, ಒದ್ದೆಯಾದರೂ ನೀರು ಇಳಿದುಹೋಗುತ್ತದೆ. ಹಾಲಿನ ಕ್ರೇಟು ಇನ್ನೂ ಗಟ್ಟಿ, ಆದರೆ ಅದಕ್ಕೆ ಮಾಲೀಕರಿದ್ದಾರೆ. ಪ್ರತಿ ಕ್ರೇಟಿನ ಮುಖಕ್ಕೂ ಒಳಗಿರುವ ಸಾಮಾನಿನ ಒಂದು ಫೋಟೋ ಅಂಟಿಸಿದರೆ ಬಾಗಿಲ ಬಳಿಯ ಪ್ರಶ್ನೆಗಳು ಅರ್ಧಕ್ಕರ್ಧ ನಿಲ್ಲುತ್ತವೆ. ಹೆಸರು ಒಬ್ಬೊಬ್ಬರ ಬಾಯಲ್ಲಿ ಒಂದೊಂದು, ಚಿತ್ರ ಎಲ್ಲರಿಗೂ ಒಂದೇ. ಕೆಟ್ಟ ಸಾಮಾನಿಗೆ ಒಂದೇ ಒಂದು ಕೆಂಪು ಕ್ರೇಟು ಬಾಗಿಲ ಬಳಿ ಇರಲಿ. ಅದರಲ್ಲಿ ಹಾಕಿದವನನ್ನು ಏನಾಯಿತು ಹೇಗಾಯಿತು ಎಂದು ಗದರಿದರೆ, ಮುಂದಿನ ಸಲ ಮುರಿದ ಕ್ಲ್ಯಾಂಪು ಸದ್ದಿಲ್ಲದೆ ಒಳ್ಳೆಯವುಗಳ ನಡುವೆ ಸೇರುತ್ತದೆ.

ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಇಡಲಿ, ನಾನು ಗೆರೆ ಹಾಕಿದ ಉದ್ದನೆಯ ಪುಸ್ತಕವನ್ನೇ ನೆಚ್ಚಿದ್ದೇನೆ, ಏಕೆಂದರೆ ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ. ಹೋದದ್ದು, ಬಂದದ್ದು, ಒಣಗಿದ್ದು, ನೋಡಿದವರ ಸಹಿ ಎಂದು ನಾಲ್ಕು ಅಂಕಣಗಳು ಸಾಕು. ಚಲನ್ನಿನ ಪ್ರತಿಯನ್ನು ಅದೇ ಪುಟಕ್ಕೆ ಅಂಟಿಸಬೇಕು. ಬೆಂಗಳೂರಿನಿಂದ ಬಂದ ಬೇರೆ ಯೂನಿಟ್ಟಿನ ಸಾಮಾನು ನಮ್ಮದರ ಜೊತೆ ಬೆರೆತು ಬರುವುದು ಮಾಮೂಲು; ಅದನ್ನು ಬೇರೆ ಕ್ರೇಟಿನಲ್ಲಿಟ್ಟು ಮರುದಿನವೇ ಫೋನ್ ಮಾಡಿದರೆ ನಮ್ಮದೂ ಅಲ್ಲಿಂದ ಮರಳಿ ಬರುತ್ತದೆ.

ವಾಹನಕ್ಕೆ ಏರಿಸುವ ಕ್ರಮ ಗೋದಾಮಿನ ಕ್ರಮವನ್ನೇ ಅನುಸರಿಸಲಿ: ಟ್ರ್ಯಾಕು ಮತ್ತು ಪೈಪು ತಳದಲ್ಲಿ, ಮರಳು ಚೀಲ ಅವುಗಳ ಮೇಲೆ, ಸ್ಟ್ಯಾಂಡು ಬದಿಗೆ ಬೆಲ್ಟಿನಲ್ಲಿ ಬಿಗಿದು, ಬಟ್ಟೆಯ ಚೀಲಗಳು ಎಲ್ಲಕ್ಕಿಂತ ಮೇಲೆ. ಚಾರ್ಮಾಡಿಯ ಮೊದಲ ತಿರುವಿನಲ್ಲೇ ಸಡಿಲವಾದದ್ದು ಯಾವುದೆಂದು ಸದ್ದಿನಿಂದ ತಿಳಿಯುತ್ತದೆ.

1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ, ಭಾರ ಎತ್ತುವ ಚೈನು, ಹಗ್ಗ, ಕೊಂಡಿಗಳನ್ನು ಅರ್ಹ ವ್ಯಕ್ತಿಯೊಬ್ಬರು 12 ತಿಂಗಳಿಗೆ ಒಮ್ಮೆಯಾದರೂ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ಬರೆದಿದ್ದರು. ನಮ್ಮದು ಕಾರ್ಖಾನೆಯಲ್ಲದಿದ್ದರೂ ಆ ಅವಧಿಯನ್ನೇ ಇಟ್ಟುಕೊಂಡು, ಆಯುಧಪೂಜೆಯ ಹಿಂದಿನ ವಾರವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ. ಮಳೆ ಆಗ ಹೆಚ್ಚುಕಡಿಮೆ ಹಿಂದೆ ಸರಿದಿರುತ್ತದೆ, ಸಾಮಾನನ್ನೆಲ್ಲ ಹೇಗೂ ಹೊರಗೆ ತೆಗೆದು ಕಣದಲ್ಲಿ ಹರವಿ ತೊಳೆಯಬೇಕಾಗಿರುತ್ತದೆ. ಪರೀಕ್ಷೆಯಲ್ಲಿ ಪಾಸಾದ ಪ್ರತಿಯೊಂದಕ್ಕೂ ಆ ವರ್ಷದ ಬಣ್ಣದ ಟೇಪು ಸುತ್ತುತ್ತೇವೆ, ಹಿಂದಿನ ವರ್ಷದ್ದನ್ನು ಕಿತ್ತು ತೆಗೆಯುತ್ತೇವೆ. ಪೂಜೆಯ ದಿನ ಸ್ಟ್ಯಾಂಡು, ಟ್ರಾಲಿ, ಚೈನ್ ಬ್ಲಾಕುಗಳಿಗೆ ಅರಿಶಿನ ಕುಂಕುಮ ಹಚ್ಚಲು ಅಡ್ಡಿಯಿಲ್ಲ. ಸ್ಲಿಂಗುಗಳ ಮುಂದೆ ಮಾತ್ರ ಹೂವಿಟ್ಟು ಕೈಮುಗಿದರೆ ಸಾಕು, ಏಕೆಂದರೆ ಅವುಗಳ ಲೇಬಲ್ಲಿನ ಮೇಲೆ ಕುಂಕುಮ ಕೂತರೆ ಟನ್ನಿನ ಅಂಕಿ ಓದಲು ಬರುವುದಿಲ್ಲ.